ಹಗೇವಿನ ಜೋಳ, ಅಂಗಡಿಯ ಸಾರಾಯಿ: ಆದೋನಿ ಸೀಮೆಯ ಧಾನ್ಯ ಮತ್ತು ಮದ್ಯದ ಬಗ್ಗೆ ಕೆಲವು ಮಾತು

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಾತನಾಡಿದ್ದರ ಲಿಖಿತ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.)

ನನ್ನ ದನಿ ಕೇಳ್ತಾ ಇದೆ ಅಂದ್ಕೋತೀನಿ. ನಮ್ಮೂರಲ್ಲಿ ನೆಟ್‌ವರ್ಕ್ ಹೋಗಿ ಬಂದು ಮಾಡುತ್ತೆ, ನಡುವೆ ನಿಂತರೆ ದಯವಿಟ್ಟು ಒಂದು ನಿಮಿಷ ಕಾಯಿರಿ.

ನನ್ನ ಊರು ಆದೋನಿ ತಾಲೂಕಿನ ಎರೆಸೀಮೆಯ ಒಂದು ಹಳ್ಳಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ, ಹತ್ತಿ ಮಂಡಿಯಲ್ಲಿ ದಖನಿ ಉರ್ದುವೂ ಸೇರಿ ಮೂರು. 1953ರ ಅಕ್ಟೋಬರ್ 1ರವರೆಗೆ ಆದೋನಿ, ಆಲೂರು, ರಾಯದುರ್ಗ ಇವೆಲ್ಲ ಬಳ್ಳಾರಿ ಜಿಲ್ಲೆಯ ತಾಲೂಕುಗಳು. ಅವತ್ತು ಬಳ್ಳಾರಿ ಮೈಸೂರಿಗೆ ಹೋಯಿತು, ನಾವು ಆಂಧ್ರಕ್ಕೆ ಬಂದೆವು. ಈ ಗಡಿಯ ವಿಷಯ ಮುಂದೆ ಮತ್ತೆ ಬರುತ್ತದೆ. ಯಾಕಂದ್ರೆ ಕುಡಿತದ ಚರಿತ್ರೆಗೂ ಗಡಿಗೂ ನಮ್ಮ ಕಡೆ ಬಿಡಿಸಲಾಗದ ನಂಟಿದೆ.

ಈ ಪ್ರಬಂಧ ಹುಟ್ಟಿದ್ದು ಒಂದು ತಪ್ಪು ಊಹೆಯಿಂದ. ಸ್ಥಳೀಯ ಧಾನ್ಯದಿಂದ ಸಣ್ಣ ಪ್ರಮಾಣದಲ್ಲಿ ಮದ್ಯ ಇಳಿಸುವವರ ಬಗ್ಗೆ ಈಗ ಎಲ್ಲೆಡೆ ಓದುತ್ತೇವೆ. ಸ್ಕಾಟ್ಲೆಂಡಿನಲ್ಲಿ ಬಾರ್ಲಿ, ಅಮೆರಿಕದಲ್ಲಿ ಮೆಕ್ಕೆಜೋಳ, ಚೀನಾದಲ್ಲಿ ನಮ್ಮದೇ ಜೋಳದ ದಾಯಾದಿಯಾದ ಕೆಂಪು ಜೋಳ. ಹಾಗಾದರೆ ತಲೆತಲಾಂತರದಿಂದ ಬಿಳಿಜೋಳ, ನವಣೆ ಬೆಳೆದ ನಮ್ಮ ಸೀಮೆಯಲ್ಲಿ ಜೋಳದ ಸಾರಾಯಿ ಇದ್ದೇ ಇರಬೇಕು, ಅದನ್ನು ಹುಡುಕಿ ಬರೆಯೋಣ ಅಂತ ಹೊರಟೆ. ಸಿಗಲಿಲ್ಲ. ಹಿರಿಯರನ್ನು ಕೇಳಿದೆ: ಈಚಲ ಸೇಂದಿ ಅಂದರು, ಬೆಲ್ಲದ ಭಟ್ಟಿ ಅಂದರು, ಜಾಲಿ ತೊಗಟೆ ಅಂದರು. ಜೋಳ ಅನ್ನಲಿಲ್ಲ. ಒಬ್ಬ ತಾತ ಅಂತೂ ನಕ್ಕೇಬಿಟ್ಟರು. ಅಲ್ಲಿಂದ ನನ್ನ ಪ್ರಶ್ನೆ ತಿರುಗಿತು. ಜೋಳದ ಸೀಮೆಯಲ್ಲಿ ಜೋಳ ಯಾಕೆ ಸಾರಾಯಿ ಆಗಲಿಲ್ಲ?

ಮೊದಲು ಹಗೇವಿನ ವಿಷಯ. ಸಂಕಿರಣದಲ್ಲಿರುವ ಮೈಸೂರು, ಮಂಡ್ಯದ ಕಡೆಯ ಗೆಳೆಯರಿಗಾಗಿ ಹೇಳುತ್ತೇನೆ. ಹಗೇವು ಅಂದರೆ ನೆಲದಡಿಯ ಧಾನ್ಯದ ಗುಂಡಿ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಹುಲ್ಲು ಒತ್ತಿ, ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಇರುತ್ತದೆ. ತೆಗೆಯುವಾಗ ತಕ್ಷಣ ಇಳಿಯುವ ಹಾಗಿಲ್ಲ. ಒಳಗೆ ಕೆಟ್ಟ ಗಾಳಿ ಇರುತ್ತದೆ, ಉಸಿರು ಕಟ್ಟಿ ಸತ್ತವರುಂಟು. ದೀಪ ಇಳಿಬಿಟ್ಟು ಅದು ಆರದಿದ್ದರೆ ಮಾತ್ರ ಇಳಿಯುತ್ತಾರೆ. ಗೋಡೆಗೆ ತಾಗಿದ ಜೋಳ ಬಣ್ಣ ತಿರುಗಿ ಒಂಥರಾ ಹುಳಿ ವಾಸನೆ ಹೊಡೆಯುತ್ತದೆ. ಆ ಹಗೇ ಜೋಳದ ರೊಟ್ಟಿಯ ವಾಸನೆಯನ್ನು ನಮ್ಮಜ್ಜಿ ಇವತ್ತಿಗೂ ಮೂಗು ಮುರಿದೇ ನೆನೆಯುತ್ತಾರೆ.

ಬೇರೆ ದೇಶಗಳಲ್ಲಿ ಧಾನ್ಯ ಮದ್ಯವಾದದ್ದಕ್ಕೆ ಒಂದು ಕಾರಣ ಮಿಗುತಾಯ. ತೇವದ, ಚಳಿಯ ನಾಡಿನಲ್ಲಿ ಮಿಕ್ಕ ಧಾನ್ಯ ಬೂಸಲು ಹಿಡಿಯುತ್ತದೆ. ಅದನ್ನು ಇಳಿಸಿ ಸೀಸೆಗೆ ತುಂಬಿದರೆ ಕೆಡುವುದಿಲ್ಲ, ಹೊರುವ ಭಾರವೂ ಕಡಿಮೆ, ಬೆಲೆ ಜಾಸ್ತಿ. ನಮ್ಮ ಎರೆಸೀಮೆಯಲ್ಲಿ ಮಳೆ ಕಡಿಮೆ, ಗಾಳಿ ಒಣಗಾಳಿ. ಇಲ್ಲಿ ಜೋಳವನ್ನು ಉಳಿಸಲು ನೆಲವೇ ಸಾಕು. ಕನಕದಾಸರ ರಾಮಧಾನ್ಯ ಚರಿತೆಯ ಕಥೆ ನಿಮಗೆಲ್ಲ ಗೊತ್ತು. ಭತ್ತ ಮತ್ತು ನರೆದಲೆಗ ಜಗಳಾಡುತ್ತವೆ, ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ, ಭತ್ತ ಕೆಡುತ್ತದೆ, ರಾಗಿ ಉಳಿಯುತ್ತದೆ. ಅದನ್ನು ನಾವು ತರಗತಿಯಲ್ಲಿ ಸಾಮಾಜಿಕ ರೂಪಕವಾಗಿ ಓದುತ್ತೇವೆ, ಅದು ಸರಿಯೇ. ಆದರೆ ಅದರೊಳಗೆ ದಾಸ್ತಾನಿನ ಲೆಕ್ಕವೂ ಇದೆ ಅಂತ ನನಗೆ ಹಗೇವಿನ ಕಥೆ ಕೇಳಿದ ಮೇಲೆ ಅನ್ನಿಸಿತು. ಒಣ ಸೀಮೆಯ ಜನಕ್ಕೆ ಧಾನ್ಯದ ಮೊದಲ ಗುಣ ರುಚಿ ಅಲ್ಲ, ತಾಳಿಕೆ.

ಮಿಗುತಾಯ ಅಂದೆ. ಮಿಕ್ಕದ್ದು ಮುಂದಿನ ಬರಕ್ಕೆ ಅಂತಲೇ ಇಡುವ ನಾಡಿದು. 1876–78ರ ಬರದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ಸೊರಗಿದ ಜಿಲ್ಲೆಗಳ ಸಾಲಿನಲ್ಲಿ ಬಳ್ಳಾರಿ, ಕರ್ನೂಲು ಎರಡೂ ಇವೆ. ಪರಿಹಾರದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕ ಕಟ್ಟಿದವನು ರಿಚರ್ಡ್ ಟೆಂಪಲ್. ಒಂದು ಪೌಂಡ್ ಅಂದರೆ ಅರ್ಧ ಕಿಲೋ ಕೂಡ ಇಲ್ಲ. ಅಂಥದ್ದನ್ನು ಕಂಡ ಸೀಮೆಯಲ್ಲಿ ಮೂಟೆ ಜೋಳವನ್ನು ನೆನೆಹಾಕಿ, ಕೊಳೆಸಿ, ಬಟ್ಟಿ ಇಳಿಸಿ ಒಂದೆರಡು ಕೊಡ ಸಾರಾಯಿ ಮಾಡುವುದು ಯಾರ ಕೈಯಲ್ಲಾದೀತು?

ಇನ್ನೊಂದು ಕಾರಣ ಧಾನ್ಯದ ಒಳಗೇ ಇದೆ. ಇಲ್ಲಿ ಸ್ವಲ್ಪ ವಿಜ್ಞಾನ, ಸಹಿಸಿಕೊಳ್ಳಿ. ಬೆಲ್ಲದಲ್ಲಿ, ಸೇಂದಿಯಲ್ಲಿ ಸಕ್ಕರೆ ಆಗಲೇ ಇರುತ್ತದೆ, ಹುದುಗಲು ಬಿಟ್ಟರೆ ಸಾಕು. ಧಾನ್ಯದಲ್ಲಿರುವುದು ಪಿಷ್ಟ. ಅದನ್ನು ಮೊದಲು ಸಕ್ಕರೆ ಮಾಡಬೇಕು. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಆ ಕೆಲಸ ಅದೇ ಮಾಡಿಕೊಳ್ಳುತ್ತದೆ. ಜೋಳದ ಮೊಳಕೆಗೆ ಆ ಶಕ್ತಿ ಕಡಿಮೆ. ಸಾಲದ್ದಕ್ಕೆ ಅದರ ಪಿಷ್ಟ ಬಾರ್ಲಿಗಿಂತ ಹೆಚ್ಚಿನ ಬಿಸಿಯಲ್ಲೇ ಅರಳೋದು, ಅಂದರೆ ಮೊದಲು ಬೇಯಿಸಬೇಕು, ಸೌದೆ ಬೇಕು. ನಮ್ಮ ಬಯಲಲ್ಲಿ ಸೌದೆ ಎಲ್ಲಿದೆ? ಹತ್ತಿಕಟ್ಟಿಗೆ, ಕುಳ್ಳು, ಜಾಲಿ, ಅಷ್ಟೆ. ಚೀನಾದವರು ಗೋಧಿಯಿಂದ ಹೆಪ್ಪಿನ ಇಟ್ಟಿಗೆ ಮಾಡಿ, ಬೇಯಿಸಿದ ಜೋಳಕ್ಕೆ ಬೆರೆಸಿ, ಮಣ್ಣಿನ ಗುಂಡಿಯಲ್ಲಿ ಹುದುಗಿಸುತ್ತಾರೆ. ಲುಝೌ ಎಂಬ ಊರಿನ ಒಂದು ಕಂಪನಿ ತನ್ನ ಗುಂಡಿಗಳು 1573ರವು ಅಂತ ಹೇಳಿಕೊಳ್ಳುತ್ತದೆ. ನಮ್ಮ ತಾಳಿಕೋಟೆ ಕದನ ಮುಗಿದು ಎಂಟು ವರ್ಷ ಆಗಿತ್ತು. ಅಲ್ಲಿ ಗುಂಡಿಯೊಳಗೆ ಜೋಳ ಹುಳಿಯಾಗಲಿ ಅಂತ ಹಾಕುತ್ತಾರೆ, ನಮ್ಮಲ್ಲಿ ಹುಳಿಯಾಗದಿರಲಿ ಅಂತ ಹಾಕುತ್ತಾರೆ. ಈ ಹೋಲಿಕೆ ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ ಅಂದರೆ ನಗಬೇಡಿ.

ಹೆಪ್ಪಿನ ವಿದ್ಯೆ ಭಾರತಕ್ಕೆ ಹೊಸದೇನಲ್ಲ. ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಅಧ್ಯಾಯವಿದೆ. ಅಲ್ಲಿ ಅಕ್ಕಿಯಿಂದ ಮಾಡುವ ಮೇದಕ, ಹಿಟ್ಟಿನಿಂದ ಮಾಡುವ ಪ್ರಸನ್ನ ಎಂಬ ಪಾನೀಯಗಳ ಅಳತೆ ಕೊಡುತ್ತಾರೆ. ಅದಕ್ಕೆ ಬೇಕಾದ ಹೆಪ್ಪಿನ ಹೆಸರು ‘ಕಿಣ್ವ’. ಉದ್ದು ಮತ್ತು ಅಕ್ಕಿ ಅರೆದು ಗಿಡಮೂಲಿಕೆ ಸೇರಿಸಿ ಮಾಡಿದ್ದು. ನಾವು ಹೈಸ್ಕೂಲ್ ಜೀವಶಾಸ್ತ್ರದಲ್ಲಿ ಬಾಯಿಪಾಠ ಮಾಡಿದ ಕಿಣ್ವ ಅದೇ ಪದ! ಹೆಂಡದಂಗಡಿಯಿಂದ ಹೊರಟು ಪಠ್ಯಪುಸ್ತಕಕ್ಕೆ ಬಂದಿದೆ, ಬರುವಾಗ ಮೈಮೇಲಿನ ವಾಸನೆ ತೊಳೆದುಕೊಂಡಿದೆ. ಹಿಮಾಲಯದಲ್ಲಿ, ಬಸ್ತರ್ ಕಡೆ ರಾಗಿ, ಅಕ್ಕಿಗಳಿಂದ ಇವತ್ತಿಗೂ ಮನೆಮದ್ಯ ಮಾಡುವವರಿದ್ದಾರೆ. ನಮ್ಮ ಸೀಮೆಯಲ್ಲಿ ಜೋಳ ಹುಳಿಯಾಗುವುದು ಅಂಬಲಿಯವರೆಗೆ ಮಾತ್ರ. ರಾತ್ರಿ ಹಿಟ್ಟು ಕಲಸಿಟ್ಟು ಬೆಳಿಗ್ಗೆ ಕಾಯಿಸಿ ಮಜ್ಜಿಗೆ ಹಾಕಿ ಕುಡಿಯುವ ಅಂಬಲಿ. ಇನ್ನೆರಡು ದಿನ ಬಿಟ್ಟರೆ ಅದು ಬೇರೆ ಏನೋ ಆಗಬಹುದಿತ್ತೇನೋ. ಯಾರೂ ಬಿಡಲಿಲ್ಲ, ಬೆಳಿಗ್ಗೆ ಹೊಲಕ್ಕೆ ಹೋಗುವವರಿಗೆ ಅದೇ ಬುತ್ತಿ.

ಹಾಗಾದರೆ ಕುಡಿದದ್ದೇನು? ಹಳ್ಳದ ದಂಡೆಯ ಈಚಲು. ಈಡಿಗರ ಕಸುಬು ಅದು. ಹನ್ನೆರಡನೇ ಶತಮಾನದ ಶರಣರಲ್ಲೇ ಹೆಂಡದ ಮಾರಯ್ಯ ಇದ್ದಾರೆ, ಅವರ ವಚನಗಳಲ್ಲಿ ಹೆಂಡದ ವ್ಯಾಪಾರದ ಮಾತೇ ಅನುಭಾವದ ಮಾತಾಗುತ್ತದೆ. ಇನ್ನು ಭಟ್ಟಿ: ಬೆಲ್ಲವನ್ನು ನೀರಲ್ಲಿ ಕರಗಿಸಿ ಬಿಳಿಜಾಲಿಯ ತೊಗಟೆ ಹಾಕಿ ಗಡಿಗೆಯಲ್ಲಿ ಕೆಲವು ದಿನ ಹುದುಗಿಸುವುದು, ಆಮೇಲೆ ಗಡಿಗೆ ಮೇಲೆ ಗಡಿಗೆ ಇಟ್ಟು, ಮೇಲೊಂದು ತಣ್ಣೀರಿನ ಪಾತ್ರೆ ಕೂರಿಸಿ ಆವಿ ಹಿಡಿಯುವುದು. ನೀವು ‘ಮಣ್ಣಿನ ರುಚಿ’ ಅಂತ ಕೇಳಿದರೆ ನಮ್ಮ ಸಾರಾಯಿಯಲ್ಲಿ ಅದನ್ನು ತಂದದ್ದು ಧಾನ್ಯ ಅಲ್ಲ, ಆ ತೊಗಟೆಯ ಒಗರು. ತಮಿಳಿನವರು ಅದನ್ನೇ ಪಟ್ಟೆ ಸಾರಾಯಿ ಅನ್ನುತ್ತಾರೆ, ಪಟ್ಟೆ ಅಂದರೆ ತೊಗಟೆ.

ಇದರಲ್ಲಿ ಮನೆಯ ಕೈಗಾರಿಕೆ ಅಂತ ಏನಾದರೂ ಇದ್ದರೆ ಅದಕ್ಕೆ ಕಲ್ಲು ಹಾಕಿದ್ದು 1886ರ ಮದ್ರಾಸ್ ಅಬಕಾರಿ ಕಾಯ್ದೆ. ಮುಂಚೆಯೂ ಸರ್ಕಾರ ಸಾರಾಯಿಯ ಹಕ್ಕನ್ನು ಗುತ್ತಿಗೆ ಕೊಡುತ್ತಿತ್ತು. ಆ ಕಾಯ್ದೆ ಬಂದ ಮೇಲೆ ಲೈಸೆನ್ಸ್ ಇಲ್ಲದೆ ಇಳಿಸಿದ್ದೆಲ್ಲ ಕಳ್ಳಭಟ್ಟಿ. ಈ ಪದದಲ್ಲಿ ಕಳ್ಳತನ ಎಲ್ಲಿಂದ ಬಂತು ನೋಡಿ, ಕದ್ದದ್ದು ಯಾರದ್ದು? ಸರ್ಕಾರದ ಸುಂಕ. ದೊಡ್ಡ ಭಟ್ಟಿಗಳಿಗೆ ಗುತ್ತಿಗೆ ಹೋದಂತೆಲ್ಲ ಊರೂರಿನ ಬೆಲ್ಲ, ತೊಗಟೆ, ನೀರಿನ ಭೇದ ಸಾರಾಯಿಯಿಂದ ಅಳಿಯುತ್ತಾ ಬಂತು. ಇದನ್ನು ನಷ್ಟ ಅಂತ ಬರೆಯಲು ನನಗೆ ಮನಸ್ಸಿಲ್ಲ. ಯಾಕೆ ಅಂತ ಈಗ ಹೇಳುತ್ತೇನೆ.

1948ರ ಹೊತ್ತಿಗೆ ಮದ್ರಾಸ್ ಪ್ರಾಂತ್ಯದ ಉದ್ದಗಲಕ್ಕೂ ಪಾನನಿಷೇಧ ಬಂತು. ಆಂಧ್ರ ರಾಜ್ಯ ಆದಾಗ ಅದೂ ಜೊತೆಗೇ ಬಂತು. ಕರ್ನೂಲು ರಾಜಧಾನಿ, ಟಂಗುಟೂರಿ ಪ್ರಕಾಶಂ ಮುಖ್ಯಮಂತ್ರಿ. 1954ರ ನವೆಂಬರ್‌ನಲ್ಲಿ ಆ ಸರ್ಕಾರ ಬಿದ್ದದ್ದು ಪಾನನಿಷೇಧದ ಜಗಳದ ಮೇಲೆ, ಒಂದೇ ಒಂದು ಮತದ ಅಂತರದಿಂದ. ನಾವು ಆಂಧ್ರಕ್ಕೆ ಸೇರಿ ಇನ್ನೂ ಹದಿನಾಲ್ಕು ತಿಂಗಳೂ ಆಗಿರಲಿಲ್ಲ! ನಿಷೇಧ ಮುಂದೆ ತೆಗೆದುಹೋಯಿತು. 1980ರ ದಶಕದಲ್ಲಿ ‘ವಾರುಣಿ ವಾಹಿನಿ’ ಎಂಬ ಹೆಸರಲ್ಲಿ ಸರ್ಕಾರವೇ ಸಾರಾಯಿಯನ್ನು ಪ್ಯಾಕೆಟ್ ಮಾಡಿ ಊರೂರಿಗೆ ಮುಟ್ಟಿಸಿತು. ವಾರುಣಿ, ಸಮುದ್ರಮಥನದಲ್ಲಿ ಹುಟ್ಟಿದ ಮದ್ಯದ ದೇವತೆ. ಪುರಾಣ ಓದಿದವರು ಯಾರೋ ಅಬಕಾರಿ ಇಲಾಖೆಯಲ್ಲಿ ಇದ್ದಿರಬೇಕು. ಆ ಪ್ಯಾಕೆಟ್ಟಿನಲ್ಲಿ ಇದ್ದದ್ದು ಸಕ್ಕರೆ ಕಾರ್ಖಾನೆಯ ಕಾಕಂಬಿಯ ಸ್ಪಿರಿಟ್ಟಿಗೆ ನೀರು ಬೆರೆಸಿದ್ದು. ಅದರಲ್ಲಿ ನಮ್ಮೂರಿನದು ಏನೂ ಇಲ್ಲ.

ಏನೂ ಇಲ್ಲ ಅಂತ ಬರೆದು ಅಧ್ಯಾಯ ಮುಗಿಸಿದ್ದೆ. ಅದನ್ನೇ ಅಜ್ಜಿಗೆ ಹೇಳಿದೆ, ನಮ್ಮ ಕಡೆ ಜೋಳದಿಂದ ಸಾರಾಯಿ ಮಾಡ್ತಿರಲಿಲ್ಲವಂತೆ ಅಂತ. ಅವರು ಮೊರ ಕೆಳಗಿಟ್ಟು ಹೇಳಿದ್ದು ಇಷ್ಟು: “ಯಾಕವ್ವಾ, ಜ್ವಾಳ ಸಾರಾಯಿ ಆಗಾದು ನಾ ನೋಡಿಲ್ಲೇನು? ನಿಮ್ ತಾತ ದಿನಾ ಮಾಡ್ತಿದ್ದ. ಪಡಿ ಜ್ವಾಳ ಟವಲಿನಾಗ ಕಟ್ಕಂಡು ಹೋಗಾದು, ಪ್ಯಾಕೀಟು ತರಾದು.”

ಅಂಗಡಿಯವನು ಕಾಸು ಇಲ್ಲದವರಿಂದ ಜೋಳ ಅಳೆಸಿಕೊಳ್ಳುತ್ತಿದ್ದ. ಸುಗ್ಗಿಯಲ್ಲಿ ಕೂಲಿ ಜೋಳದಲ್ಲೇ ಬರುತ್ತಿತ್ತು, ಅದರ ಒಂದು ಪಾಲು ಮನೆಗೆ ಬರುವ ಮುಂಚೆಯೇ ಅಲ್ಲಿಗೆ ಹೋಗುತ್ತಿತ್ತು. ಒಂದು ವರ್ಷ ಹಗೇವು ತೆಗೆದಾಗ ಅರ್ಧಕ್ಕೆ ಅರ್ಧ ಇರಲಿಲ್ಲವಂತೆ. ಕದ್ದವರು ಯಾರು ಅಂತ ಎಲ್ಲರಿಗೂ ಗೊತ್ತು, ಯಾರೂ ಆಡಲಿಲ್ಲ. ಆ ವರ್ಷ ಅಜ್ಜಿ ಮಕ್ಕಳಿಗೆ ಉಣ್ಣಲಿಟ್ಟದ್ದು ಆ ಗೋಡೆಯಂಚಿನ ವಾಸನೆ ಜೋಳ. ನಾನು ಮೊದಲು ಹೇಳಿದೆನಲ್ಲ, ಮೂಗು ಮುರಿಯುತ್ತಾರೆ ಅಂತ, ಅದಕ್ಕೆ ಕಾರಣ ಇದು ಅಂತ ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ಅಂದರೆ ಧಾನ್ಯಕ್ಕೂ ಮದ್ಯಕ್ಕೂ ನಮ್ಮ ಸೀಮೆಯಲ್ಲಿ ಇದ್ದ ಸಂಬಂಧವನ್ನು ನಾನು ಗಡಿಗೆಯೊಳಗೆ ಹುಡುಕುತ್ತಿದ್ದೆ, ಅದು ಇದ್ದದ್ದು ಪಡಿಯಲ್ಲಿ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಅಕ್ಷರ ಕಲಿಯುತ್ತಿದ್ದ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದಾಗ, ಚಳವಳಿ ರಾಜ್ಯಕ್ಕೆಲ್ಲ ಹಬ್ಬಿದಾಗ, ಅವರು ಉಳಿಸಿಕೊಳ್ಳಲು ಹೊರಟಿದ್ದು ಕೂಲಿಯನ್ನೂ ಒಲೆಯನ್ನೂ. 1993ರ ಅಕ್ಟೋಬರ್ 1ಕ್ಕೆ ಸಾರಾಯಿ ನಿಷೇಧಿಸಿದ ಮುಖ್ಯಮಂತ್ರಿ ಕೋಟ್ಲ ವಿಜಯಭಾಸ್ಕರ ರೆಡ್ಡಿ ನಮ್ಮ ಕರ್ನೂಲು ಜಿಲ್ಲೆಯವರೇ. 1995ರಲ್ಲಿ ಎನ್‌ಟಿಆರ್ ಎಲ್ಲ ಮದ್ಯಕ್ಕೂ ನಿಷೇಧ ತಂದರು, 1997ರಲ್ಲಿ ಅದು ಹೋಯಿತು. ಕರ್ನಾಟಕ ಸಾರಾಯಿ ನಿಲ್ಲಿಸಿದ್ದು 2007ರ ಜುಲೈ 1ಕ್ಕೆ. 2019ರ ನಂತರ ಆಂಧ್ರದಲ್ಲಿ ಮದ್ಯದ ಬೆಲೆ ಏರಿದಾಗ ಸಿರುಗುಪ್ಪ, ರಾಯಚೂರು ಕಡೆಯ ಟೆಟ್ರಾ ಪ್ಯಾಕುಗಳು ಗಡಿ ದಾಟಿ ಬಂದ ಕಥೆ ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ಆದೋನಿಯಲ್ಲಿ ಕನ್ನಡದ ಅಕ್ಷರ ಅತಿ ಹೆಚ್ಚು ಕಣ್ಣಿಗೆ ಬಿದ್ದದ್ದು ಆ ಖಾಲಿ ಪ್ಯಾಕುಗಳ ಮೇಲೆ ಅಂತ ನಾನು ಗೆಳೆಯರಲ್ಲಿ ತಮಾಷೆ ಮಾಡುತ್ತಿರುತ್ತೇನೆ. ಪೂರ್ತಿ ತಮಾಷೆ ಅಲ್ಲ.

ಚಾಟಿನಲ್ಲಿ ಒಬ್ಬರು ಕೇಳಿದ್ದಾರೆ: ಬೆಂಗಳೂರಿನ ಅಮೃತ್ ಮಾಡಿದ ಹಾಗೆ ಜೋಳದಲ್ಲಿ ಯಾರಾದರೂ ಮಾಡಬಾರದೇಕೆ? ಒಳ್ಳೆಯ ಪ್ರಶ್ನೆ. 1948ರಲ್ಲಿ ಶುರುವಾದ ಅಮೃತ್ ಡಿಸ್ಟಿಲರೀಸ್ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿ ಹೆಸರಾಯಿತು. ಆದರೆ ಅದರ ಬಾರ್ಲಿ ಬರುವುದು ರಾಜಸ್ಥಾನ, ಪಂಜಾಬ್, ಹರಿಯಾಣದಿಂದ. ಬೆಂಗಳೂರು ಅದಕ್ಕೆ ಕೊಟ್ಟದ್ದು ಹವೆ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ 2ರಷ್ಟು ಆವಿಯಾದರೆ ಇಲ್ಲಿ ನೂರಕ್ಕೆ 10ಕ್ಕೂ ಮೀರಿ ಹೋಗುತ್ತದೆ, ಹಾಗಾಗಿ ಬೇಗ ಬಲಿಯುತ್ತದೆ. ಜೋಳದಲ್ಲಿ ಮಾಡಬಹುದೇ ಅಂದರೆ, ಖಂಡಿತ ಮಾಡಬಹುದು. ಬೇಯಿಸುವ ಯಂತ್ರ ಇದೆ, ಕಿಣ್ವ ಡಬ್ಬಿಯಲ್ಲಿ ಸಿಗುತ್ತದೆ. ಮಾಡಿದರೆ ಆ ಸೀಸೆಯ ಮೇಲೆ ‘ಪರಂಪರೆ’ ಅಂತ ಮಾತ್ರ ಬರೆಯಬಾರದು, ನನ್ನ ತಕರಾರು ಅಷ್ಟೇ. ಆಮೇಲೆ ಜೋಳ ಎಲ್ಲಿಂದ ತರುತ್ತಾರೆ ಅನ್ನೋದೂ ಇದೆ. ಎರೆಹೊಲ ಈಗ ಬಹುಪಾಲು ಹತ್ತಿ, ಮೆಣಸಿನಕಾಯಿ. ತುಂಗಭದ್ರಾ ಕೆಳಮಟ್ಟದ ಕಾಲುವೆ ಹರಿದ ಕಡೆ ಭತ್ತ. ನಮ್ಮ ಮನೆಗೇ ಜೋಳ ಅಂಗಡಿಯಿಂದ ಬರುತ್ತೆ.

ಇನ್ನೊಬ್ಬರು ಹಗೇವಿನ ಫೋಟೋ ತೋರಿಸಿ ಅಂತ ಬರೆದಿದ್ದಾರೆ. ತೋರಿಸಬಹುದು, ಆದರೆ ಕಾಣುವುದೇನೂ ಇಲ್ಲ. ನಮ್ಮ ಮನೆ ಮುಂದಿನದ್ದಕ್ಕೆ ಮಣ್ಣು ತುಂಬಿ ಮೇಲೆ ಬಂಡೆ ಹಾಸಿದ್ದಾರೆ, ಚಿಕ್ಕಪ್ಪನ ಬೈಕ್ ಅದರ ಮೇಲೆ ನಿಲ್ಲುತ್ತದೆ. ಜಾಗ ಎಲ್ಲಿ ಅಂತ ನನಗೆ ತೋರಿಸಿಕೊಟ್ಟದ್ದು ಅಜ್ಜಿ, ಕಾಲಿನ ಹೆಬ್ಬೆರಳಿನಿಂದ.