ರಕ್ತದ ಶಿಲೀಂಧ್ರ ಸೋಂಕು
ರಕ್ತದ ಶಿಲೀಂಧ್ರ ಸೋಂಕು ಅಥವಾ ಫಂಜೀಮಿಯಾ ಎಂದರೆ ಶಿಲೀಂಧ್ರಗಳು ರಕ್ತಪ್ರವಾಹವನ್ನು ಸೇರುವುದರಿಂದ ಉಂಟಾಗುವ ಮಾರಣಾಂತಿಕ ಸ್ಥಿತಿ.

ಎಚ್‌ಐವಿ ಇಲ್ಲದವರಲ್ಲಿ ಇದಕ್ಕೆ ಮುಖ್ಯ ಕಾರಣ ಕ್ಯಾಂಡಿಡಾ. ಚರ್ಮ ಮತ್ತು ಕರುಳಿನಲ್ಲಿ ನಿರುಪದ್ರವಿಯಾಗಿರುವ ಈ ಯೀಸ್ಟ್, ರಕ್ತನಾಳದಲ್ಲಿರಿಸಿದ ಕ್ಯಾತಿಟರ್ ಅಥವಾ ಹೊಟ್ಟೆಯ ಶಸ್ತ್ರಚಿಕಿತ್ಸೆಯ ಮೂಲಕ ರಕ್ತವನ್ನು ಸೇರಬಹುದು. ಕ್ಯಾನ್ಸರ್ ಚಿಕಿತ್ಸೆಯಿಂದ ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಗಳು ಕಡಿಮೆಯಾದವರಿಗೂ ಅಪಾಯ ಹೆಚ್ಚು.

ಎಚ್‌ಐವಿ ಮುಖ್ಯವಾಗಿ ಸಿಡಿ4 ಕಣಗಳನ್ನು ನಾಶಮಾಡುತ್ತದೆ. ಆದ್ದರಿಂದ ಸೋಂಕಿತರಲ್ಲಿ ಕ್ಯಾಂಡಿಡಾ ಬಹುಮಟ್ಟಿಗೆ ಬಾಯಿ, ಅನ್ನನಾಳಗಳಿಗೆ ಸೀಮಿತವಾಗಿರುತ್ತದೆ. ಸಿಡಿ4 ಎಣಿಕೆ ಪ್ರತಿ ಘನ ಮಿಲಿಮೀಟರಿಗೆ 100ಕ್ಕಿಂತ ಇಳಿದವರಲ್ಲಿ ಕ್ರಿಪ್ಟೊಕಾಕಸ್ ಶ್ವಾಸಕೋಶದಿಂದ ರಕ್ತಕ್ಕೂ ಅಲ್ಲಿಂದ ಮಿದುಳಿನ ಪೊರೆಗೂ ಹರಡುವ ಸಂಭವ ಹೆಚ್ಚು. ಮಣಿಪುರದಲ್ಲಿ ಮತ್ತು ಆಗ್ನೇಯ ಏಷ್ಯಾದಲ್ಲಿ ಟ್ಯಾಲರೊಮೈಸಿಸ್ ಸೋಂಕೂ ಕಂಡುಬರುತ್ತದೆ.

ರಕ್ತದ ಕಲ್ಚರ್ ಪರೀಕ್ಷೆಯಿಂದ ಶಿಲೀಂಧ್ರವನ್ನು ಗುರುತಿಸಲಾಗುತ್ತದೆ. ಕ್ಯಾಂಡಿಡಾಕ್ಕೆ ಮೊದಲು ನೀಡುವ ಎಕೈನೊಕ್ಯಾಂಡಿನ್ ಔಷಧಿಗಳು ಕ್ರಿಪ್ಟೊಕಾಕಸ್ ಮೇಲೆ ಕೆಲಸ ಮಾಡುವುದಿಲ್ಲ; ಅದಕ್ಕೆ ಆಂಫೊಟೆರಿಸಿನ್ ಬಿ ಬೇಕು. ಹೀಗಾಗಿ ಶಿಲೀಂಧ್ರ ಯಾವುದೆಂದು ಬೇಗ ತಿಳಿಯುವುದು ರೋಗಿಯ ಜೀವ ಉಳಿಸಲು ಅತ್ಯಗತ್ಯ.