ರಕ್ತಶರ್ಕರೆಯ ಕ್ಷಯವೂ ಅದರ ಪ್ರತೀಕಾರವೂ

ಇನ್ಸುಲಿನ್ನಿನ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ 1922ನೆಯ ಇಸವಿ ಜನವರಿಯಲ್ಲಿ ಟೊರಾಂಟೋ ನಗರದ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷದ ಮಧುಮೇಹಿ ಬಾಲಕನೊಬ್ಬನು ಬದುಕಿಕೊಂಡ ವೃತ್ತಾಂತದಲ್ಲಿಯೇ ನಿಂತುಬಿಡುತ್ತಾರೆ. ಅದೇ ಚಳಿಗಾಲದಲ್ಲಿ ಆ ನಗರದ ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯಲ್ಲಿ ಕೆಲವು ಮೊಲಗಳಿಗೆ ಒದಗಿದ ಅವಸ್ಥೆಯೂ ಅಷ್ಟೇ ಗಮನಾರ್ಹವಾದುದು. ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಮೇದೋಜೀರಕಾಂಗದಿಂದ ತೆಗೆದ ಸತ್ತ್ವವನ್ನು ಶುದ್ಧಿಗೊಳಿಸುತ್ತಿದ್ದ ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞರು, ಅದರ ಬಲವನ್ನರಿಯಲು ಆರೋಗ್ಯವಾಗಿದ್ದ ಮೊಲಗಳಿಗೆ ಅದನ್ನು ಚುಚ್ಚುತ್ತಿದ್ದರು. ರಕ್ತದ ಶರ್ಕರೆಯು 100 ಘನ ಸೆಂಟಿಮೀಟರಿಗೆ ಸುಮಾರು 45 ಮಿಲಿಗ್ರಾಮಿನಷ್ಟಕ್ಕೆ ಇಳಿದಾಗ ಅವು ಸೆಳವು ಬಂದು ಮೂರ್ಛೆಹೋಗುತ್ತಿದ್ದುವು; ಗ್ಲೂಕೋಸಿನ ದ್ರಾವಣವನ್ನು ಕೊಟ್ಟರೆ ಚೇತರಿಸಿಕೊಳ್ಳುತ್ತಿದ್ದುವು. ಹೀಗೆ ಔಷಧವೂ, ಅದರ ಅಪಾಯವೂ, ಆ ಅಪಾಯಕ್ಕೆ ಪ್ರತೀಕಾರವೂ ಒಂದೇ ಋತುವಿನಲ್ಲಿ ತಿಳಿದುಬಂದುವು. ಇಂತಹ ನಿದರ್ಶನಗಳು ವೈದ್ಯಚರಿತ್ರೆಯಲ್ಲಿ ವಿರಳ. ಇನ್ಸುಲಿನ್ನಿನ ಅಳತೆಯ ಮಾನವನ್ನೇ ಮೊದಲು ಮೊಲದ ಸೆಳವಿನಿಂದ ನಿಗದಿಮಾಡಿದರೆಂಬುದೂ ಇಲ್ಲಿ ಸ್ಮರಣೀಯ.

ಯಾವ ಸಕ್ಕರೆಯನ್ನು ವೈದ್ಯರು ಅಲ್ಲಿಯವರೆಗೆ ಮಧುಮೇಹಿಗೆ ನಿಷೇಧಿಸಿದ್ದರೋ ಅದನ್ನೇ ಜೇಬಿನಲ್ಲಿಟ್ಟುಕೊಂಡಿರುವಂತೆ ಈಗ ವಿಧಿಸಬೇಕಾಯಿತು. ಪ್ರಜ್ಞೆಯಿರುವವನಿಗೆ ಕಿತ್ತಿಳೆಯ ರಸವೋ ಮಿಠಾಯಿಯೋ ಸಾಕು. ಪ್ರಜ್ಞೆ ತಪ್ಪಿದವನ ಬಾಯಿಗೆ ಏನನ್ನು ಹೊಯ್ದರೂ ಅದು ಶ್ವಾಸನಾಳಕ್ಕೆ ಇಳಿಯುವ ಭಯವುಂಟು. ಅಂಥವನ ಸಿರೆಯೊಳಕ್ಕೆ ಶೇಕಡ 50ರ ಗ್ಲೂಕೋಸಿನ ದ್ರಾವಣವನ್ನು 50 ಘನ ಸೆಂಟಿಮೀಟರಿನಷ್ಟು ಕೊಡುವುದು ಬಹುಕಾಲದ ರೂಢಿ. ಈ ಗಾಢದ್ರಾವಣವು ಸಿರೆಯ ಹೊರಗೆ ಸೋರಿದರೆ ಸುತ್ತಲಿನ ಮಾಂಸವನ್ನು ಕೆಡಿಸುವುದಾದ್ದರಿಂದ, ಈಚೆಗೆ ಹಲವೆಡೆ ಶೇಕಡ 10ರ ತಿಳಿದ್ರಾವಣವನ್ನೇ ಬಳಸುತ್ತಾರೆ. ಆದರೆ ನಡುರಾತ್ರಿಯಲ್ಲಿ ಸಿರೆಯನ್ನು ಹುಡುಕಿ ಸೂಜಿಯಿಡಬಲ್ಲವರು ಎಷ್ಟು ಮನೆಗಳಲ್ಲಿರುತ್ತಾರೆ?

ಈ ಕೊರತೆಯನ್ನು ತುಂಬಿದ ವಸ್ತುವು ಇನ್ಸುಲಿನ್ನಿನ ಕಲ್ಮಷವೆನಿಸಿಕೊಂಡಿದ್ದುದು. 1923ರಲ್ಲಿ ಅಮೆರಿಕದ ರಾಚೆಸ್ಟರ್ ನಗರದಲ್ಲಿ ಕಿಂಬಲ್ ಮತ್ತು ಮರ್ಲಿನ್ ಎಂಬವರು, ಮೇದೋಜೀರಕಾಂಗದ ಸತ್ತ್ವದಲ್ಲಿಯೇ ರಕ್ತಶರ್ಕರೆಯನ್ನು ಏರಿಸುವ ಒಂದು ಅಂಶವನ್ನು ಕಂಡು ಅದಕ್ಕೆ ಗ್ಲೂಕಗಾನ್ ಎಂದು ಹೆಸರಿಟ್ಟರು. ಬಹುಕಾಲ ಅದನ್ನು ನಿವಾರಿಸುವ ಯತ್ನವೇ ಹೊರತು ಬಳಸುವ ಯೋಚನೆಯಿರಲಿಲ್ಲ. 1957ರಲ್ಲಿ ಅದರ ರಚನೆಯು ನಿರ್ಣಯವಾಯಿತು. 1960ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಅಂಗೀಕೃತವಾಯಿತು. ಅದನ್ನು ಮಾಂಸಖಂಡಕ್ಕೆ ಚುಚ್ಚಿದರೆ ಸಾಕಾದುದರಿಂದ ಮನೆಯವರೂ ಕೊಡಬಹುದು. 2019ರಿಂದ ಮೂಗಿನೊಳಗೆ ಊದುವ ಪುಡಿಯ ರೂಪವೂ ಬಂದಿದೆ. ಗ್ಲೂಕಗಾನ್ ತಾನಾಗಿ ಶರ್ಕರೆಯಲ್ಲ. ಯಕೃತ್ತಿನಲ್ಲಿ ಕೂಡಿಟ್ಟ ಶರ್ಕರೆಯನ್ನು ಅದು ರಕ್ತಕ್ಕೆ ಬಿಡಿಸುತ್ತದೆ. ಬಹುಕಾಲ ಉಪವಾಸವಿದ್ದವನಲ್ಲಿ ಆ ಕೂಡಿಕೆಯೇ ಬರಿದಾಗಿರುವುದರಿಂದ, ಅವನಿಗೆ ಇಂದಿಗೂ ಟೊರಾಂಟೋವಿನ ಮೊಲಗಳಿಗೆ ಕೊಟ್ಟ ಗ್ಲೂಕೋಸೇ ಬೇಕಾಗುತ್ತದೆ.