ಕೋತಿಯ ಪಂಜ, ಮಗನ ಬೆಲೆ



ಹೆದರಿಸುವ ಕಥೆಗಳಲ್ಲಿ ಎರಡು ಬಗೆ. ಕೆಲವು ದೆವ್ವವನ್ನು ಕಣ್ಣೆದುರಿಗೇ ತಂದು ನಿಲ್ಲಿಸುತ್ತವೆ. ಇನ್ನು ಕೆಲವು ಏನನ್ನೂ ತೋರಿಸುವುದಿಲ್ಲ. ನಡುರಾತ್ರಿಯಲ್ಲಿ ಯಾರೋ ಬಾಗಿಲು ಬಡಿದ ಸದ್ದು ಕೇಳಿಸುತ್ತವೆ, ಅಷ್ಟೆ. ಈ ಎರಡನೆಯ ಬಗೆಯವು ರೇಡಿಯೋಗೆಂದೇ ಹೇಳಿ ಮಾಡಿಸಿದಂಥವು. ಇಂಗ್ಲಿಷಿನಲ್ಲಿ ಇಂಥ ಕಥೆಗಳ ಪೈಕಿ ತುಂಬ ಹೆಸರಾದದ್ದು ಡಬ್ಲ್ಯು. ಡಬ್ಲ್ಯು. ಜೇಕಬ್ಸ್ 1902ರಲ್ಲಿ ಪ್ರಕಟಿಸಿದ ‘ದಿ ಮಂಕೀಸ್ ಪಾ’, ಅಂದರೆ ‘ಕೋತಿಯ ಪಂಜ’. ಮರುವರ್ಷವೇ ಅದು ಲಂಡನ್ನಿನ ರಂಗಮಂದಿರಕ್ಕೆ ನಾಟಕವಾಗಿ ಬಂತು. ಆಮೇಲೆ ಸಿನಿಮಾ, ರೇಡಿಯೋ ಎಲ್ಲವೂ ಅದನ್ನು ಮತ್ತೆ ಮತ್ತೆ ಕೈಗೆತ್ತಿಕೊಂಡವು.

ನಿಮ್ಮಲ್ಲಿ ಕೆಲವರು ಇದನ್ನು ಇಂಗ್ಲಿಷ್ ಪಾಠವಾಗಿ ಓದಿರಬಹುದು. ಮೇಷ್ಟರು ಕೊನೆಗೆ ಹೇಳುವ ನೀತಿ ಒಂದೇ: ಅತಿಯಾಸೆ ಗತಿಗೇಡು. ಆದರೆ ಕಥೆಯ ಕಾಲದ ಇಂಗ್ಲೆಂಡನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ, ಈ ನೀತಿ ಕಥೆಗೆ ಸರಿಯಾಗಿ ಹೊಂದುವುದಿಲ್ಲ ಎನಿಸುತ್ತದೆ.

ಕಥೆ ಇಷ್ಟು

ಊರಾಚೆ ಒಂದು ಪುಟ್ಟ ಮನೆ. ಹೊರಗೆ ಮಳೆ, ಚಳಿ, ಕೆಸರು ರಸ್ತೆ. ಒಳಗೆ ಒಲೆಯ ಬೆಂಕಿಯ ಪಕ್ಕ ವೈಟ್ ಎಂಬ ಮುದುಕ ಮಗ ಹರ್ಬರ್ಟ್‌ನ ಜೊತೆ ಚದುರಂಗ ಆಡುತ್ತಿದ್ದಾನೆ. ತಾಯಿ ಹೆಣಿಗೆ ಹಾಕುತ್ತಿದ್ದಾಳೆ. ಅಲ್ಲಿಗೆ ಹಳೆಯ ಪರಿಚಯದ ಸಾರ್ಜೆಂಟ್ ಮೇಜರ್ ಮಾರಿಸ್ ಬರುತ್ತಾನೆ. ಭಾರತದಲ್ಲಿ 21 ವರ್ಷ ಸೈನ್ಯದಲ್ಲಿದ್ದು ಮರಳಿದವನು. ಅವನ ಜೇಬಿನಲ್ಲಿ ಒಣಗಿದ ಕೋತಿಯ ಪಂಜವೊಂದಿದೆ. ವಿಧಿಯೇ ಬಾಳನ್ನು ಆಳುತ್ತದೆ, ಅದರಲ್ಲಿ ಕೈ ಹಾಕಿದವರಿಗೆ ದುಃಖ ತಪ್ಪದು ಎಂದು ತೋರಿಸಲು ಒಬ್ಬ ಫಕೀರ ಅದನ್ನು ಮಂತ್ರಿಸಿಟ್ಟನಂತೆ. ಮೂವರಿಗೆ ಮೂರು ಮೂರು ವರ. ಮೊದಲನೆಯವನು ಮೂರನೆಯ ವರವಾಗಿ ಸಾವನ್ನೇ ಬೇಡಿದ. ಎರಡನೆಯವನು ಮಾರಿಸ್. ಅವನು ತನ್ನ ವರಗಳ ಬಗ್ಗೆ ಬಾಯಿ ಬಿಡುವುದಿಲ್ಲ. ಪಂಜವನ್ನು ಬೆಂಕಿಗೆ ಎಸೆಯುತ್ತಾನೆ. ವೈಟ್ ಅದನ್ನು ಎತ್ತಿಕೊಳ್ಳುತ್ತಾನೆ.

ಎತ್ತಿಕೊಂಡರೂ ಏನು ಕೇಳಬೇಕೋ ಅವನಿಗೆ ತೋಚುವುದಿಲ್ಲ, ಬೇಕಾದದ್ದೆಲ್ಲ ಇದೆ ಎನ್ನುತ್ತಾನೆ. ಮಗನೇ ನಗುತ್ತ ದಾರಿ ತೋರಿಸುತ್ತಾನೆ: ಮನೆಯ ಸಾಲ ತೀರಿದರೆ ನಿನಗೆ ನೆಮ್ಮದಿ ತಾನೆ, ಅದಕ್ಕೆ 200 ಪೌಂಡ್ ಸಾಕು, ಅಷ್ಟು ಕೇಳು. ಅಪ್ಪ ಕೇಳುತ್ತಾನೆ. ಪಂಜ ಕೈಯಲ್ಲಿ ಹಾವಿನಂತೆ ಹೊರಳುತ್ತದೆ.

ಮರುದಿನ ಹರ್ಬರ್ಟ್ ಕೆಲಸಕ್ಕೆ ಹೋಗುತ್ತಾನೆ. ಅನಂತರ ರೇಷ್ಮೆ ಟೋಪಿ ಹಾಕಿದ ಒಬ್ಬ ಗೇಟಿನ ಬಳಿ ಮೂರು ಸಲ ತಡೆದು, ನಾಲ್ಕನೆಯ ಸಲ ಧೈರ್ಯ ಮಾಡಿ ಒಳಗೆ ಬರುತ್ತಾನೆ. ಅವನು ಮಾ ಅಂಡ್ ಮೆಗಿನ್ಸ್ ಕಂಪನಿಯವನು. ಹರ್ಬರ್ಟ್ ಯಂತ್ರಕ್ಕೆ ಸಿಕ್ಕಿ ಸತ್ತಿದ್ದಾನೆ. ಹೊಣೆ ತಮ್ಮದಲ್ಲ ಎಂದು ಕಂಪನಿ ಹೇಳಿಕಳಿಸಿದೆ. ಆದರೂ ಮಗನ ಸೇವೆಯನ್ನು ಮೆಚ್ಚಿ ಒಂದು ಮೊತ್ತ ಕೊಡುತ್ತದೆ. ಎಷ್ಟು ಎಂದು ತಂದೆ ಕೇಳುತ್ತಾನೆ. 200 ಪೌಂಡ್.

ಮುಂದಿನದು ನಿಮಗೆ ಗೊತ್ತಿರಬಹುದು. ಸಮಾಧಿಯಾದ ಮೇಲೊಂದು ರಾತ್ರಿ ತಾಯಿ ಹಟ ಹಿಡಿದು ಮಗ ಬದುಕಿ ಬರಲಿ ಎಂದು ಎರಡನೆಯ ವರ ಕೇಳಿಸುತ್ತಾಳೆ. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿಯುವ ಸದ್ದು. ಅವಳು ಓಡುತ್ತಾಳೆ, ಎತ್ತರದ ಚಿಲಕ ಕೈಗೆ ಎಟಕುವುದಿಲ್ಲ. ನಜ್ಜುಗುಜ್ಜಾದ ಆ ದೇಹವನ್ನು ನೋಡಿ ಬಟ್ಟೆಯಿಂದ ಮಾತ್ರ ಗುರುತು ಹಿಡಿದಿದ್ದ ತಂದೆ ಕತ್ತಲಲ್ಲಿ ಪಂಜಕ್ಕಾಗಿ ತಡಕಾಡುತ್ತಾನೆ, ಸಿಕ್ಕೊಡನೆ ಮೂರನೆಯ ವರ ಬೇಡುತ್ತಾನೆ. ಸದ್ದು ನಿಲ್ಲುತ್ತದೆ. ಬಾಗಿಲು ತೆರೆದರೆ ಖಾಲಿ ರಸ್ತೆ, ಬೀದಿದೀಪ.

ಅತಿಯಾಸೆ ಎಲ್ಲಿದೆ?

ಈಗ ಹೇಳಿ, ಇವರು ಆಸೆಬುರುಕರೇ? ಅರಮನೆ ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ಕೇಳಿದ್ದು ಮನೆಸಾಲದ ಬಾಕಿ. ಮುಂಬಯಿ, ಪುಣೆ, ಚೆನ್ನೈಗಳಲ್ಲಿ ತಿಂಗಳು ತಿಂಗಳು ಕಂತು ಕಟ್ಟುವ ಯಾರಾದರೂ ಕೇಳಬಹುದಾದ ವರ ಇದು.

ನಮ್ಮ ಪುರಾಣದ ವರಗಳ ಜೊತೆ ಇಟ್ಟು ನೋಡಿ. ಭಸ್ಮಾಸುರ ವರ ಕೊಟ್ಟವನ ತಲೆಯ ಮೇಲೇ ಕೈಯಿಡಲು ಹೋದ, ತಾನೇ ಬೂದಿಯಾದ. ಅಲ್ಲಿ ತಪ್ಪಿಗೂ ಶಿಕ್ಷೆಗೂ ಒಂದು ಲೆಕ್ಕವಿದೆ. ದಶರಥ ಕೊಟ್ಟ ವರದಿಂದ ಮಗ ದೂರವಾದ, ಆದರೆ ಅಲ್ಲಿಯೂ ವರ ಕೇಳಿದವರಿದ್ದಾರೆ, ಕೊಟ್ಟವರಿದ್ದಾರೆ, ಅತ್ತು ಬೇಡಿಕೊಳ್ಳಲು ಒಂದು ಮುಖವಿದೆ. ವೈಟ್ ದಂಪತಿಗೆ ಆ ಮುಖವೂ ಇಲ್ಲ. ಮನೆಗೆ ಬಂದದ್ದು ಕಂಪನಿಯ ಆಳು, ಹೇಳಿದ್ದು ಕಂಪನಿಯ ಮಾತು.

200 ಪೌಂಡ್ ಎಲ್ಲಿಂದ ಬಂತು?

ಕಥೆಯ ಇತಿಹಾಸ ಅಡಗಿರುವುದು ಈ ಮೊತ್ತದಲ್ಲಿ. 19ನೆಯ ಶತಮಾನದ ಬಹುಭಾಗ ಇಂಗ್ಲೆಂಡಿನ ಕಾರ್ಮಿಕ ಯಂತ್ರಕ್ಕೆ ಕೈಯನ್ನೋ ಜೀವವನ್ನೋ ಕೊಟ್ಟರೆ ಮಾಲೀಕನಿಂದ ಪರಿಹಾರ ಪಡೆಯುವುದು ಬಹಳ ಕಷ್ಟವಿತ್ತು. 1837ರಲ್ಲಿ ಪ್ರೀಸ್ಟ್‌ಲಿ ಎಂಬ ಆಳು ತನ್ನ ಧಣಿಯಾದ ಮಾಂಸದ ವ್ಯಾಪಾರಿ ಫೌಲರ್ ಮೇಲೆ ದಾವೆ ಹೂಡಿದ್ದ. ಮಿತಿಮೀರಿ ಹೇರಿದ್ದ ಗಾಡಿ ಮುರಿದು ಅವನ ತೊಡೆಯ ಮೂಳೆ ಮುರಿದಿತ್ತು. ನ್ಯಾಯಾಲಯ ಅವನ ಪರ ನಿಲ್ಲಲಿಲ್ಲ. ಕೆಲಸಕ್ಕೆ ಒಪ್ಪಿದವನು ಕೆಲಸದ ಅಪಾಯಕ್ಕೂ ಒಪ್ಪಿದಂತೆ, ಜೊತೆಗೆಲಸದವನ ತಪ್ಪಿಗೆ ಮಾಲೀಕ ಹೊಣೆಯಲ್ಲ ಎಂಬ ವಾದ ಆ ತೀರ್ಪಿನಿಂದ ಬೆಳೆದು ಗಟ್ಟಿಯಾಯಿತು. 1846ರ ಕಾಯಿದೆ ಸತ್ತವನ ಮನೆಯವರಿಗೆ ದಾವೆ ಹೂಡುವ ಹಕ್ಕು ಕೊಟ್ಟಿತು, ಆದರೆ ತಪ್ಪು ಯಾರದೆಂದು ಅವರೇ ಸಾಬೀತು ಮಾಡಬೇಕಿತ್ತು. 1880ರ ಕಾಯಿದೆಯಿಂದ ಸ್ವಲ್ಪ ಅನುಕೂಲವಾಯಿತು, ಅಷ್ಟೆ.

ದೊಡ್ಡ ಬದಲಾವಣೆ ತಂದದ್ದು 1897ರ ಕಾರ್ಮಿಕರ ಪರಿಹಾರ ಕಾಯಿದೆ. ಅದು ಮರುವರ್ಷ ಜಾರಿಗೆ ಬಂತು. ರೈಲ್ವೆ, ಕಾರ್ಖಾನೆ, ಗಣಿಯಂಥ ಕೆಲಸಗಳಲ್ಲಿ ಅಪಘಾತವಾದರೆ ತಪ್ಪು ಯಾರದೆಂದು ಹುಡುಕದೆಯೇ ಮಾಲೀಕ ಪರಿಹಾರ ಕೊಡಬೇಕು. ಕಾರ್ಮಿಕನೇ ಬೇಕೆಂದು ಗಂಭೀರ ದುರ್ನಡತೆ ತೋರಿದ್ದರೆ ಮಾತ್ರ ಇಲ್ಲ. ಸಾವಾದರೆ ಎಷ್ಟು? ಪೂರ್ತಿಯಾಗಿ ಅವನ ದುಡಿಮೆಯನ್ನೇ ನಂಬಿದವರಿಗೆ ಅವನ ಮೂರು ವರ್ಷದ ಗಳಿಕೆ ಅಥವಾ 150 ಪೌಂಡ್, ಯಾವುದು ಹೆಚ್ಚೋ ಅದು. ಆದರೆ 300 ಪೌಂಡ್ ಮೀರುವಂತಿಲ್ಲ. ನಂಬಿದವರು ಯಾರೂ ಇಲ್ಲದಿದ್ದರೆ ಔಷಧಿ ಮತ್ತು ಮಣ್ಣಿನ ಖರ್ಚು, ಅದೂ 10 ಪೌಂಡಿನೊಳಗೆ.

ಕಥೆಯ 200 ಪೌಂಡ್ ಈ ಎರಡು ಗೆರೆಗಳ ನಡುವೆ ಬಂದು ಕೂರುತ್ತದೆ. ಮೂರು ವರ್ಷಕ್ಕೆ ಹಂಚಿದರೆ ವಾರಕ್ಕೆ ಸುಮಾರು ಇಪ್ಪತ್ತೈದೂವರೆ ಶಿಲಿಂಗ್. ಹರ್ಬರ್ಟ್‌ನಂಥ ಸಾಧಾರಣ ಕೆಲಸಗಾರನ ಕೂಲಿಗೆ ಹೊಂದುವ ಮೊತ್ತ. ಜೇಕಬ್ಸ್ ಕಥೆಯಲ್ಲಿ ಕಾಯಿದೆಯ ಹೆಸರೆತ್ತುವುದಿಲ್ಲ, ಘಟನೆ ನಡೆದ ವರ್ಷವನ್ನೂ ಹೇಳುವುದಿಲ್ಲ. ಆದರೆ 1902ರ ಓದುಗನಿಗೆ ಮಗನನ್ನು ಕಳೆದುಕೊಂಡ ಮನೆಗೆ ಇಷ್ಟು ಹಣ ಬರುವುದು ಪವಾಡದ ಮಾತಾಗಿರಲಿಲ್ಲ. ಅಂಥದು ಪತ್ರಿಕೆಯಲ್ಲಿ ಓದಿದ ಸಂಗತಿಯೇ ಆಗಿತ್ತು.

ಕಂಪನಿಯವನ ಮಾತನ್ನೂ ಈ ಬೆಳಕಿನಲ್ಲಿ ಕೇಳಬೇಕು. ಹೊಣೆ ನಮ್ಮದಲ್ಲ, ಆದರೂ ಸೇವೆಗೆ ಮೆಚ್ಚಿ ಕೊಡುತ್ತೇವೆ ಎನ್ನುವುದು ಹಳೆಯ ಕಾಲದ ಧಣಿಯ ದಾನದ ಭಾಷೆ. ಮೊತ್ತ ಮಾತ್ರ ಹೊಸ ಕಾಯಿದೆಯ ಅಳತೆಯದು. ಹಕ್ಕಾಗಿ ಬರಬೇಕಾದದ್ದು ಉಪಕಾರದ ರೂಪದಲ್ಲಿ ಬಂದಿದೆ. ಮುದುಕ ಒಂದು ಮಾತೂ ಎದುರಾಡುವುದಿಲ್ಲ, ತಾನು ಕೇಳಿದ ವರವೇ ಮಗನನ್ನು ಕೊಂದಿತು ಎಂದು ಕುಸಿಯುತ್ತಾನೆ. ಆ ಯಂತ್ರಕ್ಕೆ ಬೇಲಿ ಇತ್ತೇ ಎಂದು ಯಾರೂ ಕೇಳುವುದಿಲ್ಲ. ನನಗೆ ಇದೇ ಕಥೆಯ ನಿಜವಾದ ಭಯ ಎನಿಸುತ್ತದೆ. ಮಗನಿಗೊಂದು ಬೆಲೆ ಮೊದಲೇ ನಿಗದಿಯಾಗಿತ್ತು, ಪಂಜ ಅದನ್ನು ಮನೆ ಬಾಗಿಲಿಗೆ ತಂದು ಕೊಟ್ಟಿತು, ತಪ್ಪಿನ ಹೊರೆ ಮಾತ್ರ ಅಪ್ಪನ ತಲೆಗೆ ಬಂತು.

ಇಂಗ್ಲಿಷಿನಲ್ಲಿ ‘ಮಾ’ ಎಂದರೆ ಮೃಗದ ತೆರೆದ ಬಾಯಿ ಎಂಬ ಅರ್ಥವೂ ಇದೆ. ‘ಪಾ’ ಎಂದರೆ ಪಂಜ. ಕೇಳಿಕೊಂಡದ್ದು ಪಂಜವನ್ನು, ನುಂಗಿದ್ದು ಬಾಯಿ. ಹೆಸರಿಡುವಾಗ ಜೇಕಬ್ಸ್‌ಗೆ ಇದು ಹೊಳೆಯದೆ ಇದ್ದಿರಲಾರದು.

ಗುಮಾಸ್ತ ಬರೆದ ಕಥೆ

ಜೇಕಬ್ಸ್ 1863ರಲ್ಲಿ ಲಂಡನ್ನಿನ ವ್ಯಾಪಿಂಗ್‌ನಲ್ಲಿ, ಥೇಮ್ಸ್ ನದಿಯ ಹಡಗುಕಟ್ಟೆಗಳ ನಡುವೆ ಹುಟ್ಟಿದವನು. ತಂದೆ ಕಟ್ಟೆಯೊಂದರ ಮ್ಯಾನೇಜರ್. ಜೇಕಬ್ಸ್ ಅಂಚೆ ಇಲಾಖೆಯ ಉಳಿತಾಯ ಬ್ಯಾಂಕಿನಲ್ಲಿ 1899ರವರೆಗೆ ಗುಮಾಸ್ತನಾಗಿದ್ದ. ಸಣ್ಣ ಸಣ್ಣ ಉಳಿತಾಯಗಳ ಲೆಕ್ಕ ಇಟ್ಟವನಿಗೆ 200 ಪೌಂಡ್ ಎಂದರೆ ಒಂದು ಸಂಸಾರಕ್ಕೆ ಏನೆಂದು ಚೆನ್ನಾಗಿ ಗೊತ್ತಿತ್ತು. ಹಡಗಿನವರ ತಮಾಷೆ ಕಥೆಗಳಿಗೆ ಅವನು ಹೆಸರುವಾಸಿ. ಆ ತಮಾಷೆ ಇಲ್ಲೂ ಇದೆ. ಕೆಲಸಕ್ಕೆ ಹೊರಡುವಾಗ ಹರ್ಬರ್ಟ್, ತಾನು ಬರುವ ಮೊದಲೇ ದುಡ್ಡು ಮುಟ್ಟಬೇಡಿ ಎಂದು ಅಪ್ಪನನ್ನು ಛೇಡಿಸಿ ಹೋಗುತ್ತಾನೆ. ಎರಡನೆಯ ಸಲ ಓದುವಾಗ ಆ ನಗೆಮಾತೇ ಕರುಳು ಹಿಂಡುತ್ತದೆ.

ಇಂಗ್ಲಿಷಿನ ಗೋಥಿಕ್ ಭಯಕಥೆ 1764ರಲ್ಲಿ ಹೊರೇಸ್ ವಾಲ್‌ಪೋಲನ ‘ದಿ ಕಾಸಲ್ ಆಫ್ ಒಟ್ರಾಂಟೊ’ದಿಂದ ಶುರುವಾಯಿತೆನ್ನುತ್ತಾರೆ. ಅಲ್ಲಿ ಕೋಟೆ, ನೆಲಮಾಳಿಗೆ, ರಾಜವಂಶದ ಶಾಪ. ಜೇಕಬ್ಸ್ ಆ ಶಾಪವನ್ನು ಸಾಲದ ಮೇಲೆ ನಿಂತ ಒಂದು ಮನೆಗೆ ತಂದ. ಮನೆಯ ಹೆಸರು ಲ್ಯಾಬರ್ನಮ್ ವಿಲ್ಲಾ. ಲ್ಯಾಬರ್ನಮ್ ಎಂದರೆ ಹಳದಿ ಹೂಗೊಂಚಲು ಬಿಡುವ ಗಿಡ, ಬೀಜವೆಲ್ಲ ವಿಷ. ಹೂವಿನ ಹೋಲಿಕೆಯಿಂದಲೇ ನಮ್ಮ ಕಕ್ಕೆ ಮರಕ್ಕೆ ಇಂಗ್ಲಿಷರು ಇಂಡಿಯನ್ ಲ್ಯಾಬರ್ನಮ್ ಎಂದು ಹೆಸರಿಟ್ಟರು.

ಭಾರತದಿಂದ ಬಂದ ಶಾಪ

ಇನ್ನು ಆ ಫಕೀರ. ಪಂಜ ಭಾರತದಿಂದಲೇ ಏಕೆ ಬರಬೇಕು? ಆ ಕಾಲದ ಇಂಗ್ಲಿಷ್ ಕಥೆಗಳಲ್ಲಿ ಇದೊಂದು ರೂಢಿಯೇ ಆಗಿತ್ತು. 1868ರಲ್ಲಿ ವಿಲ್ಕಿ ಕಾಲಿನ್ಸ್ ಬರೆದ ‘ದಿ ಮೂನ್‌ಸ್ಟೋನ್’ ಶುರುವಾಗುವುದು ನಮ್ಮ ಶ್ರೀರಂಗಪಟ್ಟಣದಲ್ಲಿ. 1799ರಲ್ಲಿ ಕೋಟೆ ಬಿದ್ದಾಗ ಇಂಗ್ಲಿಷ್ ಸೇನಾಧಿಕಾರಿಯೊಬ್ಬ ಕೊಲೆ ಮಾಡಿ ಕದ್ದ ವಜ್ರ ಇಂಗ್ಲೆಂಡಿನ ಮನೆಯೊಂದರ ನೆಮ್ಮದಿ ಕೆಡಿಸುತ್ತದೆ. 1890ರಲ್ಲಿ ಬಂದ ಕಾನನ್ ಡಾಯ್ಲ್‌ನ ‘ದಿ ಸೈನ್ ಆಫ್ ಫೋರ್’ನಲ್ಲಿ ಆಗ್ರಾದ ನಿಧಿಯ ಹಿಂದೆ ಹೆಣಗಳು ಬೀಳುತ್ತವೆ. ಹೊತ್ತು ತಂದದ್ದು ಸುಮ್ಮನೆ ದಕ್ಕುವುದಿಲ್ಲ ಎಂಬ ಅಳುಕು ಈ ಕಥೆಗಳಲ್ಲೆಲ್ಲ ಇದೆ.

ಆದರೆ ಜೇಕಬ್ಸ್‌ನಲ್ಲಿ ಒಂದು ವ್ಯತ್ಯಾಸವಿದೆ. ಮಾರಿಸ್ ವಜ್ರ ದೋಚಿದ ಅಧಿಕಾರಿಯಲ್ಲ, ಗೋದಾಮಿನ ಕೆಲಸದಿಂದ ಸೈನ್ಯಕ್ಕೆ ಹೋದ ಬಡಹುಡುಗ. ಒಬ್ಬ ದೂರದೇಶಕ್ಕೆ ಹೋದ, ಇನ್ನೊಬ್ಬ ಊರ ಕಾರ್ಖಾನೆಗೆ ಹೋದ. ಸಾಮ್ರಾಜ್ಯವೂ ಕಾರ್ಖಾನೆಯೂ ಒಂದೇ ತರದ ಮನೆಗಳಿಂದ ಮಕ್ಕಳನ್ನು ಕರೆದುಕೊಂಡವು. ಆ ರಾತ್ರಿ ಒಲೆಯ ಮುಂದೆ ಎರಡೂ ಒಂದಾಗಿ ಕೂತಿದ್ದವು. ಓದುಗ ಮಾತ್ರ ಭಾರತದ ಮಂತ್ರಕ್ಕೆ ಹೆದರಿದ, ಪಕ್ಕದ ಊರಿನ ಯಂತ್ರವನ್ನು ಮರೆತ.

ಇಂಗ್ಲೆಂಡಿನ ಆ ಕಾಯಿದೆಯ ಮಾದರಿ ಮುಂದೆ ನಮ್ಮಲ್ಲಿಗೂ ಬಂತು. 1923ರಲ್ಲಿ ಬ್ರಿಟಿಷ್ ಭಾರತದ ಕಾರ್ಮಿಕರ ಪರಿಹಾರ ಕಾಯಿದೆಯಾಗಿ, 1924ರ ಜುಲೈ 1ರಿಂದ ಜಾರಿಯಾಯಿತು. ಮುಂಬಯಿಯ ಗಿರಣಿಯಲ್ಲಿ ದುಡಿಯುತ್ತಿದ್ದವನ ಜೀವಕ್ಕೂ ಹೀಗೆ ಒಂದು ಲೆಕ್ಕ ಸಿಕ್ಕಿತು. ಲೆಕ್ಕವೇ ಇಲ್ಲದ ಕಾಲಕ್ಕಿಂತ ಅದು ಎಷ್ಟೋ ಮೇಲು, ಅನುಮಾನವಿಲ್ಲ. ಆದರೂ ಊರು ಬಿಟ್ಟು ನಗರಕ್ಕೆ ದುಡಿಯಲು ಹೋದ ಮಗನ ಬದಲು ಚೆಕ್ ಬಂದ ಮನೆಗಳು ನಮ್ಮಲ್ಲೂ ಇವೆ.

ಕಥೆಯ ಕೊನೆಯ ವರ ಏನೆಂದು ಜೇಕಬ್ಸ್ ಬರೆಯಲಿಲ್ಲ. ಬಾಗಿಲಾಚೆ ಯಾರಿದ್ದರೆಂದೂ ತೋರಿಸಲಿಲ್ಲ. ನಾವೆಲ್ಲ ಆ ಬಾಗಿಲನ್ನೇ ನೋಡುತ್ತೇವೆ. ಮುಂದಿನ ಸಲ ಓದುವಾಗ ಅದಕ್ಕೂ ಮೊದಲು ಬಂದ ರೇಷ್ಮೆ ಟೋಪಿಯವನನ್ನು ಸ್ವಲ್ಪ ಹೊತ್ತು ನೋಡಿ. ಆ ಮನೆಗೆ ಸಾವನ್ನು ಹೊತ್ತು ತಂದವನು ಅವನೇ. ಅವನು ಬಂದದ್ದು ಹಾಡಹಗಲಲ್ಲಿ.